ಹನ್ನೊಂದು ತಿಂಗಳ ತವರು

ಅರವತ್ತೊಂದನೆಯ ಸರದಿ, ಹನ್ನೆರಡನೆಯ ತಿಂಗಳು, ದಿನ ಲೆಕ್ಕಕ್ಕಿಲ್ಲ.

ದಾಕ್ಷಾಯಿಣಿ ಅಜ್ಜಿಗೆ ಮತ್ತು ಪ್ರಭುಲಿಂಗ ಅಜ್ಜನಿಗೆ, ನಿಮ್ಮ ಮೊಮ್ಮಗಳ ಮೊಮ್ಮಗಳು ಸಾವಂತ್ರೆವ್ವ ಮಾಡುವ ಶರಣು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ಇಲ್ಲಿಯವರಿಗೆ ತೋರಿಸಿದರೆ ಅವರೂ ಗಾಬರಿಯಾಗುತ್ತಾರೆ, ಏಕೆಂದರೆ ನಮ್ಮ ಲೆಕ್ಕದಲ್ಲಿ ಹನ್ನೆರಡನೆಯ ತಿಂಗಳು ಎಂಬುದೇ ಇಲ್ಲ. ನಿಮ್ಮ ಕ್ಯಾಲೆಂಡರಿನ ಪ್ರಕಾರ ಇದು ಎರಡು ಸಾವಿರದ ನೂರ ಅರವತ್ತೇಳನೆಯ ಇಸವಿ. ಭಾಷೆಗೂ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಿಮ್ಮ ಕಾಲದ ಬರಹದ ಕನ್ನಡವನ್ನು ನಾನು ಹಳೆಯ ಪಾಠಗಳಿಂದ ಕಲಿತವಳು. ಎಲ್ಲಾದರೂ ಎಡವಿದರೆ, ಏನೋ ಮುದುಕಿ ಎಂದು ಬಿಟ್ಟುಬಿಡಿ. ನಗಬೇಡಿ ಮತ್ತೆ. ನೀವಿಬ್ಬರೂ ಈಗ ಮೂವತ್ತರ ಹುಡುಗರು, ತಲೆ ನರೆತವಳು ನಾನು. ಆದರೂ ನೀವೇ ಅಜ್ಜ ಅಜ್ಜಿ, ನಾನೇ ಮೊಮ್ಮಗಳು. ಆದ್ದರಿಂದ ನಿಮ್ಮ ಮುಂದೆ ಕೂತು ಅಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ನಮ್ಮಲ್ಲಿ ಸಾವಾದರೆ ಮನೆಯ ಹಿರಿಯ ಹೆಂಗಸು ಹಿಂದಿನವರಿಗೊಂದು ಕಾಗದ ಬರೆದು ಹರಿಯುವ ನೀರಿಗೆ ಬಿಡಬೇಕು. ಹಿಂದಕ್ಕೆ ಹೋಗುವ ಕಾಗದವಾದ್ದರಿಂದ ಇದಕ್ಕೆ ಹಿಂಗಾಗದ ಅನ್ನುತ್ತೇವೆ. ಅದು ನಿಮ್ಮವರೆಗೆ ತಲುಪುತ್ತದೆಂದು ಕೆಲವರು ನಂಬುತ್ತಾರೆ. ನಾನು ಇಲ್ಲಿಯತನಕ ನಂಬಿರಲಿಲ್ಲ, ಈಗ ನಂಬಬೇಕಾಗಿದೆ. ಹೋದದ್ದು ನನ್ನ ಮಗಳು ಹೊನ್ನಿಯ ಕೂಸು. ಹೆಣ್ಣು ಕೂಸು. ಹೆಸರಿಡುವ ಮೊದಲೇ ಹೋಯಿತು.

ನಿಮಗೇ ಏಕೆ ಬರೆಯುತ್ತಿದ್ದೇನೆಂದರೆ, ಅಜ್ಜಿ, ನಿನ್ನ ದನಿ ನಮ್ಮ ಬಳಿ ಉಳಿದಿದೆ. ನಿನ್ನ ಅಕ್ಕನಿಗೆ ಫೋನಿನಲ್ಲಿ ಮಾತಾಡಿ ಕಳಿಸಿದ ಒಂದು ತುಣುಕು. ಐದು ತಲೆಮಾರಿನಿಂದ ಕೈಯಿಂದ ಕೈಗೆ ಬಂದ ನಮ್ಮ ಆಸ್ತಿ ಅದೊಂದೇ. ಬೆಳ್ಳಿಬಂಗಾರವಾಗಿದ್ದರೆ ಎಂದೋ ಕಳೆದುಹೋಗುತ್ತಿತ್ತು; ದನಿಗೆ ಭಾರವಿಲ್ಲದ್ದರಿಂದ ಉಳಿಯಿತು. ಹಿಂದೆ ಕುಕ್ಕರ್ ಕೂಗುತ್ತದೆ. ನೀನು ಹೇಳುತ್ತೀ: "ಅಕ್ಕಾ, ಇವರು ಬಾಡಿಗೀನ ಚಲೋ ಅಂತಾರ. ಹೌದಂತೀನಿ ನಾ, ಲೆಕ್ಕ ಬರೋಬ್ಬರಿ ಐತಿ. ಆದ್ರ ಗ್ವಾಡೀಗೆ ಒಂದ್ ಮೊಳಿ ಹೊಡೀಬೇಕಂದ್ರೂ ಮಾಲಕರ ಮಾರಿ ನೋಡ್ಬೇಕಲ್ಲ." ಆಮೇಲೆ ಅಜ್ಜ ಏನೋ ಅನ್ನುತ್ತಾನೆ, ನೀನು ನಗುತ್ತೀ, ಮಾತು ನಿಲ್ಲುತ್ತದೆ. ಹೊನ್ನಿ ಸಣ್ಣವಳಿದ್ದಾಗ ಅದನ್ನು ಕೇಳಿಸದೆ ಇದ್ದರೆ ಮಲಗುತ್ತಿರಲಿಲ್ಲ. ಮೊಳೆ ಅಂದರೇನು ಅಂತ ಕೇಳುತ್ತಿದ್ದಳು. ನಾನೂ ನೋಡಿರಲಿಲ್ಲ, ಏನೋ ಒಂದು ಹೇಳಿ ಮಲಗಿಸುತ್ತಿದ್ದೆ.

ಅಜ್ಜನ ಲೆಕ್ಕ ಸರಿಯಿತ್ತು. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಈ ಮುದುಕಿ ಬೈಯಲು ಬಂದಿದ್ದಾಳೆ ಅಂದುಕೊಳ್ಳುತ್ತೀರಿ. ಉಣಕಲ್ ಕೆರೆಯ ಆ ಕಡೆ ಎರಡು ಕೋಣೆಯ ಮನೆ ಕೊಳ್ಳಲು ನಿಮ್ಮಿಬ್ಬರ ಸಂಬಳ ಕೂಡಿಸಿದರೂ ಆಗುತ್ತಿರಲಿಲ್ಲ. ಸಾಲ ಮಾಡಿದ್ದರೆ ಕಂತು ಮುಗಿಯುವಷ್ಟರಲ್ಲಿ ಹಲ್ಲು ಉದುರುತ್ತಿದ್ದವು. ಹಾಸಿಗೆ ಇದ್ದಷ್ಟು ಕಾಲು ಚಾಚಿದಿರಿ, ಅದು ತಪ್ಪಲ್ಲ. ನಿಮ್ಮ ಓಣಿಯವರೆಲ್ಲ ಹಾಗೇ ಮಾಡಿದರು. ಅವರ ಮಕ್ಕಳ ಕಾಲಕ್ಕೆ ಕೊಳ್ಳುವ ಮಾತೇ ನಿಂತುಹೋಯಿತು. ಒಂದೊಂದೇ ಮನೆಯನ್ನು ದೊಡ್ಡ ದೊಡ್ಡ ಹೂಡಿಕೆ ನಿಧಿಗಳು ಕೊಂಡವು. ನಿಧಿ ಎಂದರೆ ಮಾಲೀಕ, ಆದರೆ ಮಾರಿಯಿಲ್ಲದ ಮಾಲೀಕ. ಎದುರು ನಿಂತು ಬೈಯೋಣವೆಂದರೆ ಯಾರೂ ಇರುವುದಿಲ್ಲ.

ನಿಧಿಗಳು ಬಂದಾಗ ಜನ ಪೇಡೆ ಹಂಚಿದರಂತೆ, ನಮ್ಮ ಅಜ್ಜಿ ಹೇಳುತ್ತಿದ್ದಳು. ನಿಮಗೆ ಆಶ್ಚರ್ಯವಾಗಲಾರದು. ನಿಮ್ಮ ಮಾಲೀಕರು ಜಾತಿ ಕೇಳುತ್ತಿದ್ದರು, ಮಾಂಸ ತಿನ್ನುತ್ತೀರಾ ಕೇಳುತ್ತಿದ್ದರು, ನೆಂಟರು ಎಷ್ಟು ದಿನ ಇರುತ್ತಾರೆಂದು ಕೇಳುತ್ತಿದ್ದರು, ಕೈತುಂಬ ಮುಂಗಡ ಕೇಳುತ್ತಿದ್ದರು, ಖಾಲಿ ಮಾಡುವಾಗ ಸುಣ್ಣಬಣ್ಣ ಎಂದು ಅರ್ಧ ಹಿಡಿದುಕೊಳ್ಳುತ್ತಿದ್ದರು. ನಿಧಿ ಏನನ್ನೂ ಕೇಳಲಿಲ್ಲ. ಯಾರಾದರೂ ಬನ್ನಿ, ಏನಾದರೂ ತಿನ್ನಿ, ಹನ್ನೊಂದು ತಿಂಗಳು ಇರಿ, ಮುಂದಿನ ಮನೆಗೆ ಹೋಗಿ, ಅಷ್ಟೇ. ಹೊಸ ಒಕ್ಕಲಿಗೆ ಹೊಸ ಬಾಡಿಗೆ ಹೇಳಬಹುದಲ್ಲ, ಅವರಿಗೆ ಅದು ಸಾಕಾಗಿತ್ತು. ನಮ್ಮವರು ಆ ಹನ್ನೊಂದನ್ನು ಕಣ್ಣು ಮುಚ್ಚಿ ಒಪ್ಪಿಕೊಂಡರು, ಹೇಗೂ ನಿಮ್ಮ ಕಾಲದಿಂದಲೂ ಕರಾರು ಬರೆಯುತ್ತಿದ್ದದ್ದೇ ಹನ್ನೊಂದು ತಿಂಗಳಿಗೆ. ಹನ್ನೊಂದೇ ಏಕೆ ಎಂದು ಈಗ ಯಾರಿಗೂ ಗೊತ್ತಿಲ್ಲ. ಏಕಾದಶ ರುದ್ರರ ಲೆಕ್ಕವೆಂದು ನಮ್ಮ ಪಂಡಿತರು ದೊಡ್ಡ ದೊಡ್ಡ ಭಾಷಣ ಮಾಡುತ್ತಾರೆ. ರಿಜಿಸ್ಟರ್ ಮಾಡಿಸುವ ರಗಳೆ ತಪ್ಪಿಸಲು ಯಾರೋ ಜಾಣರು ಮಾಡಿದ ಉಪಾಯ ಅಷ್ಟೇ ಎಂದು ನಾನು ಒಂದು ಸಭೆಯಲ್ಲಿ ಎದ್ದು ನಿಂತು ಹೇಳಿದೆ. ಕೂಡ್ರಿಸಿಬಿಟ್ಟರು.

ಈಗ ಆ ಹನ್ನೊಂದು ತಿಂಗಳೇ ನಮ್ಮ ವರ್ಷ. ಒಂದು ಮನೆಯ ವಾಸಕ್ಕೆ ಸರದಿ ಎನ್ನುತ್ತೇವೆ, ವಯಸ್ಸನ್ನೂ ಸರದಿಯಲ್ಲೇ ಹೇಳುತ್ತೇವೆ. ಒಂದು ಕುಟುಂಬಕ್ಕೆ ಒಂದು ಹೊರೆಪೆಟ್ಟಿಗೆ, ಅದರಲ್ಲಿ ಹಿಡಿಸಿದ್ದಷ್ಟೇ ನಮ್ಮದು. ಹಾಸಿಗೆ, ಪಾತ್ರೆ, ಒಲೆ ಎಲ್ಲ ಮನೆಗೆ ಸೇರಿದ್ದು, ಇನ್ನೊಬ್ಬರು ಮಲಗಿದ ತಗ್ಗಿನಲ್ಲೇ ನಾವು ಮಲಗುತ್ತೇವೆ. ದೇವರನ್ನು ಅರಿವೆಯ ಚೀಲದಲ್ಲಿ ಸುತ್ತಿಡುತ್ತೇವೆ. ಹತ್ತನೆಯ ತಿಂಗಳಿಗೆ ಮುಂದಿನ ಮನೆಯ ಗುರುತು ಬರುತ್ತದೆ, ನಿಧಿಯೇ ಅದನ್ನು ನಮ್ಮ ಬಂಧುಗಳಿಗೆಲ್ಲ ತಿಳಿಸುತ್ತದೆ. ತೆರವಿನ ದಿನ ಬೆಳಿಗ್ಗೆ ಉಂಡು, ಪಾತ್ರೆ ತೊಳೆದಿಟ್ಟು ಹೊರಟರೆ, ಇಳಿಹೊತ್ತಿಗೆ ಮುಂದಿನ ಮನೆಯ ಬಾಗಿಲಿಗೆ ಯಜಮಾನಿ ಅಂಗೈ ಒತ್ತಬೇಕು. ಅವಳ ಅಂಗೈ ತಾಗುವವರೆಗೆ ಆ ಮನೆ ಯಾರಿಗೂ ತೆರೆಯುವುದಿಲ್ಲ, ದೀಪ ಹತ್ತುವುದಿಲ್ಲ, ನೀರು ಬರುವುದಿಲ್ಲ. ಒಳಗೆ ಹೋಗಿ ಹಾಲು ಉಕ್ಕಿಸುತ್ತೇವೆ. ನಿಮ್ಮದೇ ಪದ್ಧತಿ, ಅದನ್ನು ಮಾತ್ರ ಬಿಟ್ಟಿಲ್ಲ. ನಿಮ್ಮ ಹಾಗೆ ಕೈಯಲ್ಲಿ ಹಿಡಿದು ತಿರುಗುವ ಫೋನು ಈಗಿಲ್ಲ. ಮಾತು ಮನೆಯಿಂದ ಮನೆಗೆ ಹೋಗುತ್ತದೆ, ಗೋಡೆ ಕೇಳುತ್ತದೆ, ಗೋಡೆಯೇ ಹೇಳುತ್ತದೆ. ಸರದಿ ಮುಗಿದ ಮನೆ ಕಿವುಡು. ಅಲ್ಲಿ ಕೂತು ಎಷ್ಟು ಕೂಗಿದರೂ ಯಾರಿಗೂ ಕೇಳುವುದಿಲ್ಲ, ಹೊರಗಿನವರ ದನಿಯೂ ಒಳಗೆ ಬರುವುದಿಲ್ಲ.

ಎಲ್ಲವೂ ಕೆಟ್ಟದ್ದೆಂದು ಹೇಳಲಾರೆ. ಬೀದಿಯಲ್ಲಿ ಮಲಗುವವರು ಯಾರೂ ಇಲ್ಲ. ಮನೆಗಾಗಿ ಅಣ್ಣತಮ್ಮಂದಿರು ಕೋರ್ಟು ಹತ್ತಿದ್ದನ್ನು ನಾವು ಕಥೆಗಳಲ್ಲಿ ಮಾತ್ರ ಕೇಳಿದ್ದೇವೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ನಿಮ್ಮ ಗಾದೆಯಲ್ಲಿ ನಮಗೆ ಅರ್ಧವೇ ಉಳಿದಿದೆ. ಆ ಅರ್ಧವನ್ನು ನಾನೂ ಮಾಡಿ ನೋಡಿದೆ. ಹೋದ ಸರದಿಯಲ್ಲ, ಇದೇ ಸರದಿಯ ಮೊದಲ ತಿಂಗಳಿನಲ್ಲಿ, ಈಗ ನಾನು ಕೂತಿರುವ ಇದೇ ಪಡಸಾಲೆಯಲ್ಲಿ ಹೊನ್ನಿಯ ಮದುವೆಯಾಯಿತು. ಅಳಿಯ ಕಲ್ಮೇಶ ಗದಗಿನ ಆಚೆ ಗಾಳಿಕಂಬಗಳನ್ನು ನೋಡಿಕೊಳ್ಳುವವನು, ಒಮ್ಮೆ ಕಂಬ ಹತ್ತಿದರೆ ವಾರಗಟ್ಟಲೆ ಇಳಿಯುವುದಿಲ್ಲ. ಒಳ್ಳೆಯ ಹುಡುಗ, ಮಾತು ಕಡಿಮೆ. ಹೊನ್ನಿಯೇ ಇಬ್ಬರ ಮಾತನ್ನೂ ಆಡುತ್ತಾಳೆ, ಅಥವಾ ಆಡುತ್ತಿದ್ದಳು.

ಅಜ್ಜಿ, ನಿನಗೆ ತವರುಮನೆ ಎಂಬ ಮಾತು ಗೊತ್ತು. ನಮಗೆ ಹಾಡಿನಲ್ಲಿ ಮಾತ್ರ ಉಳಿದಿದೆ. ಬೀಸುವ ಕಲ್ಲು, ಒರಳು ಎಂದರೆ ಮಕ್ಕಳು ಚಿತ್ರ ತೋರಿಸು ಎನ್ನುತ್ತಾರಲ್ಲ, ತವರುಮನೆ ಎಂದರೂ ಹಾಗೆಯೇ ಕೇಳುತ್ತಾರೆ. ಯಾವ ಚಿತ್ರ ತೋರಿಸುವುದು? ಮದುವೆಯಾಗಿ ಹೋದ ಮಗಳು ಮತ್ತೆ ಬರುವಾಗ ತಾಯಿ ಬೇರೆ ಮನೆಯಲ್ಲಿರುತ್ತಾಳೆ, ಇನ್ನೊಮ್ಮೆ ಬಂದರೆ ಇನ್ನೊಂದು. ಮಗಳು ಬಚ್ಚಲು ಎಲ್ಲಿ ಅಂತ ಕೇಳಬೇಕಾಗುತ್ತದೆ. ನಾನು ಹೊನ್ನಿಯನ್ನು ಹಡೆಯಲು ನನ್ನವ್ವನ ಬಳಿ ಹೋದಾಗ ಅವಳಿದ್ದ ಮನೆಯಲ್ಲಿ ನನಗೆ ಗುರುತಿದ್ದದ್ದು ಅವಳ ಸೀರೆಯೊಂದೇ. ನೋವು ತಿನ್ನುತ್ತಾ ಗೋಡೆ ಹಿಡಿದು ಓಡಾಡುವಾಗ ಎಲ್ಲಿ ಏನಿದೆಯೆಂದು ತಿಳಿಯದೆ ಮೂಲೆಗೆ ಹಣೆ ಬಡಿದುಕೊಂಡಿದ್ದೆ. ಆ ಗಾಯದ ಕಲೆ ಇನ್ನೂ ಇದೆ.

ಚೊಚ್ಚಲ ಹೆರಿಗೆ ತಾಯಿಯ ಮನೆಯಲ್ಲೇ ಎಂಬುದನ್ನು ನಾವು ಬಿಟ್ಟಿಲ್ಲ. ಆದರೆ ನಿಮ್ಮ ಹಾಗೆ ಏಳನೆಯ ತಿಂಗಳಿಗೆ ಕುಬುಸ ಮಾಡಿ ಕರೆತರುವಂತಿಲ್ಲ, ಮನೆಯಲ್ಲಿ ತಲೆ ಹೆಚ್ಚಿಸಲು ನಿಧಿ ಬಿಡುವುದಿಲ್ಲ. ನೋವು ಬಂದ ಮೇಲೆ ಬರಬಹುದು. ಬಾಗಿಲು ದಾಟಿದ ಕೂಡಲೇ ಮನೆಯೇ ಸೂಲಗಿತ್ತಿಯ ಗಾಡಿಯನ್ನು ಕರೆಯುತ್ತದೆ, ಗಾಡಿಯಲ್ಲಿ ಡಾಕ್ಟರ ಸಮೇತ ಎಲ್ಲವೂ ಇರುತ್ತದೆ. ಹೊನ್ನಿ ಬಸುರಾದ ಸುದ್ದಿ ಬಂದಾಗ ನಾನು ಬೆರಳು ಎಣಿಸಿದೆ. ಮದುವೆಯೂ ಇದೇ ಮನೆಯಲ್ಲಿ, ಹೆರಿಗೆಯೂ ಇದೇ ಮನೆಯಲ್ಲಿ ಆದೀತೇನೋ ಎಂದು ಆಸೆ ಹುಟ್ಟಿತು. ಆದರೆ ಕೂಸಿನ ದಿನ ತುಂಬುವುದು ತೆರವಿನ ದಿನಕ್ಕಿಂತ ಸ್ವಲ್ಪ ಆಚೆಗೆ ಬಿತ್ತು. ಅಯ್ಯೋ, ಸ್ವಲ್ಪವೇ ಸ್ವಲ್ಪ. ಅಲ್ಲಿಂದ ನನ್ನ ತಲೆಯಲ್ಲಿ ಹುಳು ಹೊಕ್ಕಿತು. ನಮ್ಮ ವಂಶದಲ್ಲಿ ಯಾವ ಹೆಣ್ಣುಮಗಳೂ, ತಾನು ಮದುವಣಗಿತ್ತಿಯಾಗಿ ದಾಟಿದ ಹೊಸ್ತಿಲನ್ನು ತುಂಬಿದ ಹೊಟ್ಟೆಯಲ್ಲಿ ಮತ್ತೆ ದಾಟಿ ಒಳಗೆ ಬಂದಿಲ್ಲ. ನನ್ನ ಹೊನ್ನಿ ಬರಲಿ. ಬಚ್ಚಲು ಎಲ್ಲಿದೆಯೆಂದು ಕೇಳದೆ ಬರಲಿ. ಅದೊಂದೇ ನನಗೆ ಬೇಕಾಗಿತ್ತು, ಬೇರೇನೂ ಅಲ್ಲ.

ಹಾಗೆಂದು ನಾನು ಮಗಳಿಂದ ಏನನ್ನೂ ಮುಚ್ಚಿಡಲಿಲ್ಲ. ಹತ್ತನೆಯ ತಿಂಗಳಿನಲ್ಲೇ ಹೇಳಿದೆ, ನಾ ಖಾಲಿ ಮಾಡೂದಿಲ್ಲ, ನೀ ಇದ ಮನೀಗೆ ಬಾ ಎಂದು. ಅವಳು ಗೋಡೆಯ ಆ ಕಡೆಯಿಂದ ಬಿದ್ದು ಬಿದ್ದು ನಕ್ಕಳು. ಹನ್ನೆರಡನೆಯ ತಿಂಗಳಲ್ಲಿ ಯಾರಾದರೂ ಇರುತ್ತಾರೇನವ್ವಾ ಎಂದಳು. ನಾನು ಇರುತ್ತೇನೆ ಎಂದೆ. ಆಯಿತು ಬಿಡವ್ವಾ ಎಂದಳು. ನಾನು ಅದನ್ನು ಒಪ್ಪಿಗೆ ಎಂದುಕೊಂಡೆ. ಅವಳು ಮುದುಕಿಯ ಆಸೆ, ಇರಲಿ ಎಂದುಕೊಂಡಿದ್ದಳು. ಹುಟ್ಟಿದಾಗಿನಿಂದ ಒಬ್ಬರೂ ಮನೆಯಲ್ಲಿ ಉಳಿದದ್ದನ್ನು ನೋಡದ ಹುಡುಗಿ ಅವಳು, ಅವ್ವ ಉಳಿದಾಳೆಂದು ಹೇಗೆ ನಂಬಬೇಕು? ನಿಮ್ಮ ಕಾಲದ ಮಗಳಾಗಿದ್ದರೆ ಕಣ್ಣು ಮುಚ್ಚಿಕೊಂಡು ಅದೇ ಮನೆಗೆ ಬರುತ್ತಿದ್ದಳು.

ತೆರವಿನ ದಿನ ನಾನು ಹೊರೆಪೆಟ್ಟಿಗೆ ಕಟ್ಟಲಿಲ್ಲ. ಇಳಿಹೊತ್ತಿಗೆ ದೀಪ ಆರಿದವು, ನಲ್ಲಿ ನಿಂತಿತು, ಮನೆ ಕಿವುಡಾಯಿತು. ನಾನು ಅದಕ್ಕೆಲ್ಲ ತಯಾರಾಗಿದ್ದೆ. ಕೊಡಗಳಲ್ಲಿ ನೀರು ತುಂಬಿಟ್ಟಿದ್ದೆ, ಹಳೆಯ ಮೆತ್ತನೆಯ ಸೀರೆಗಳನ್ನು ಒಗೆದು ಹರಿದಿಟ್ಟಿದ್ದೆ, ಬಾಣಂತಿಗೆಂದು ಅಳವಿ ಕಾಳು ಹಸನು ಮಾಡಿ, ಅಂಟಿನ ಉಂಡಿ ಕಟ್ಟಿ, ಹೊಗೆ ಹಾಕಲು ಲೋಬಾನ ಹುಡುಕಿ ತಂದಿಟ್ಟಿದ್ದೆ. ಸೂಲಗಿತ್ತಿಯ ಗಾಡಿ ಈ ಬೀದಿಯ ಕೊನೆಯ ಮನೆಯ ಹಿಂದೆಯೇ ನಿಲ್ಲುತ್ತದೆ, ಹೊನ್ನಿ ಬಂದ ಕೂಡಲೇ ಓಡಿಹೋಗಿ ಕರೆತಂದರಾಯಿತೆಂದು ದಾರಿಯನ್ನೂ ನಡೆದು ನೋಡಿಟ್ಟಿದ್ದೆ. ಕತ್ತಲಾದರೆ ಇರಲಿ ಎಂದು ಒಂದು ಹಣತೆ. ಆಮೇಲೆ ಬಾಗಿಲು ತೆರೆದಿಟ್ಟು ಹೊಸ್ತಿಲ ಬಳಿ ಕೂತೆ. ನಿಜ ಹೇಳುತ್ತೇನೆ, ಅಷ್ಟು ಸುಖವಾಗಿ ನಾನು ಎಂದೂ ಕೂತಿಲ್ಲ. ಮಗಳು ಬರುವ ದಾರಿಯನ್ನು ತಾಯಿಯೊಬ್ಬಳು ತನ್ನ ಬಾಗಿಲಲ್ಲಿ ಕೂತು ನೋಡುವುದು ಹೀಗಿರುತ್ತದೆಯೇ ಎನಿಸಿತು.

ಅದೇ ಸಂಜೆ, ಎಣಿಸಿದ್ದಕ್ಕಿಂತ ಮೊದಲೇ, ಆಕೆಗೆ ನೋವು ಬಂದಾಗ ಕಲ್ಮೇಶ ಕಂಬದ ಮೇಲಿದ್ದ. ಹೊನ್ನಿ ಒಬ್ಬಳೇ ಟ್ರಾಮು ಹತ್ತಿ ಬಂದಳು, ಬಂದವಳು ನಿಧಿ ತಿಳಿಸಿದ ಗುರುತು ಹಿಡಿದು ನೆಟ್ಟಗೆ ನನ್ನ ಮುಂದಿನ ಮನೆಗೆ ಹೋದಳು. ಊರಿನ ಈ ತುದಿಯಲ್ಲಿ ನಾನು, ಆ ತುದಿಯಲ್ಲಿ ಆ ಮನೆ. ಬಾಗಿಲು ಮುಚ್ಚಿತ್ತು. ಅವಳು ತನ್ನ ಅಂಗೈ ಒತ್ತಿದಳು, ಬಾಗಿಲಿಗೆ ಬೇಕಾಗಿದ್ದದ್ದು ನನ್ನ ಅಂಗೈ. ಅವ್ವ ಹೊರೆ ಹೊತ್ತು ಬರುತ್ತಿರಬೇಕು, ತಡವಾಗಿದೆ, ಈಗ ಬಂದಾಳು ಎಂದು ಕಟ್ಟೆಯ ಮೇಲೆ ಕೂತಳು. ಮನೆ ಇನ್ನೂ ಎದ್ದಿರಲಿಲ್ಲವಾದ್ದರಿಂದ ಅದು ಗಾಡಿಯನ್ನು ಕರೆಯಲಿಲ್ಲ. ಕೂಗಿದ್ದಾಳೆ. ಅಕ್ಕಪಕ್ಕದವರು ಬಾಗಿಲು ತೆರೆಯಲಿಲ್ಲ. ಅವರು ಕೆಟ್ಟವರಲ್ಲ, ತೆರವಿನ ವಾರದಲ್ಲಿ ಬೀದಿಯಲ್ಲಿ ಅಳು, ಕೂಗಾಟ ಇದ್ದದ್ದೇ, ಯಾರೂ ಇಣುಕಿ ನೋಡುವುದಿಲ್ಲ, ಅದು ನಮ್ಮಲ್ಲಿ ಮರ್ಯಾದೆ. ಕಡೆಗೆ ಎದುರುಮನೆಯ ಒಬ್ಬ ಹೆಂಗಸು ತಾಳಲಾರದೆ ಹೊರಗೆ ಬಂದಳಂತೆ. ಅಷ್ಟು ಹೊತ್ತಿಗೆ ಕೂಸು ಕಟ್ಟೆಯ ಮೇಲೆ ಹುಟ್ಟಿತ್ತು. ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿತ್ತು. ಗಾಡಿಯಲ್ಲಿದ್ದಿದ್ದರೆ ಬಿಡಿಸುವುದು ಏನೂ ದೊಡ್ಡದಲ್ಲವಂತೆ, ಆಮೇಲೆ ಡಾಕ್ಟರು ಹೇಳಿದರು.

ನನಗೆ ಸುದ್ದಿ ತಂದವನು ನಿಧಿಯ ತೆರವಿನ ಮನುಷ್ಯ. ನನ್ನನ್ನು ಹೊರಗೆ ಹಾಕಲು ಬಂದಿದ್ದ. ಬೈಯಲು ನಾನು ಬಾಯಿ ತೆರೆದೇ ಕಾದಿದ್ದೆ. ಅವನು ನನ್ನ ನೀರಿನ ಕೊಡಗಳನ್ನೂ, ಹರಿದಿಟ್ಟ ಸೀರೆಗಳನ್ನೂ ನೋಡಿ ತಲೆಯ ಮೇಲಿನ ಟೊಪ್ಪಿಗೆ ತೆಗೆದ.

"ಯಮ್ಮಾ, ನಿಮ್ಮ ಮುಂದಿನ ಮನೀ ಕಟ್ಟಿ ಮ್ಯಾಲ ಒಬ್ಬ ಹೆಣ್ಮಗಳು ಹಡದಾಳ. ನಿಮ್ಮ ಪೈಕಿ ಏನ?"

ದವಾಖಾನೆಗೆ ಹೇಗೆ ಹೋದೆನೋ ನೆನಪಿಲ್ಲ. ಅವನೇ ಕರೆದೊಯ್ದಿರಬೇಕು. ಹೊನ್ನಿ ಗೋಡೆಯ ಕಡೆ ಮಾರಿ ಮಾಡಿ ಮಲಗಿದ್ದಳು. ಕೂಸನ್ನು ಒಂದು ಬಿಳಿಯ ಅರಿವೆಯಲ್ಲಿ ಸುತ್ತಿ ಪಕ್ಕದಲ್ಲಿಟ್ಟಿದ್ದರು. ತಲೆ ತುಂಬ ಕೂದಲಿತ್ತು ಅಜ್ಜಿ, ಕಪ್ಪಗೆ, ಗುಂಗುರಾಗಿ. ಹೊನ್ನಿ ಹುಟ್ಟಿದಾಗಲೂ ಹಾಗೇ ಇತ್ತು. ನಾನು ಮಗಳ ತಲೆಯ ಮೇಲೆ ಕೈ ಇಟ್ಟೆ. ಅವಳು ತಿರುಗಲಿಲ್ಲ.

"ಅವ್ವಾ, ನೀ ಯಾಕ ಬರಲಿಲ್ಲ?"

"ನಾ ಮನ್ಯಾಗ ಇದ್ನೆವಾ, ನಿನ್ನ ದಾರಿ ನೋಡ್ಕೋತ."

"ಯಾವ ಮನ್ಯಾಗ?"

ಆಮೇಲೆ ಅವಳು ನನ್ನೊಡನೆ ಮಾತಾಡಿಲ್ಲ. ಸಿಟ್ಟಿನಿಂದಲ್ಲ, ಸಿಟ್ಟಾದರೆ ಅವಳು ಪಾತ್ರೆ ಒಗೆಯುವ ಹುಡುಗಿ. ಆ ಪ್ರಶ್ನೆಗೆ ನಾನು ಉತ್ತರ ಹೇಳುತ್ತೇನೆಂದು ಕಾಯುತ್ತಿದ್ದಾಳೆ, ಅಷ್ಟೇ. ಇದು ನಮ್ಮ ಮನೆ ಎಂದರೆ ಸುಳ್ಳು. ಅದು ನಮ್ಮ ಮನೆ ಎಂದರೂ ಸುಳ್ಳು.

ಈಗ ಪೆಟ್ಟಿಗೆ ಕಟ್ಟಲು ಬಂದಿದ್ದೇನೆ. ತೆರವಿನವನು ಹೊರಗೆ ಕೂತಿದ್ದಾನೆ, ಕಾಗದ ಮುಗಿಯಲಿ ಎಂದು. ಅಂಟಿನ ಉಂಡಿಯನ್ನು ಏನು ಮಾಡುವುದೆಂದು ಬಹಳ ಹೊತ್ತು ನೋಡುತ್ತಾ ಕೂತಿದ್ದೆ. ಹೊನ್ನಿಗೇ ಒಯ್ಯುತ್ತೇನೆ. ಕೂಸಿಲ್ಲದಿದ್ದರೇನು, ಹಡೆದ ಮೈಗೆ ಸೊಂಟ ಗಟ್ಟಿಯಾಗಬೇಕು. ನಿನ್ನೆ ಅವಳ ಎದೆಯಲ್ಲಿ ಹಾಲು ಇಳಿದು ರವಿಕೆ ತೊಯ್ದಿತ್ತು. ನರ್ಸು ಬಟ್ಟೆ ಕಟ್ಟಿದಳು. ನಾನು ಹೊರಗೆ ಹೋಗಿ ಕಂಬ ಹಿಡಿದು ನಿಂತೆ.

ನಿಮಗೆ ನಾನು ಮನೆ ಕೊಳ್ಳಿರಿ ಎಂದು ಹೇಳುವುದಿಲ್ಲ. ಕೊಳ್ಳಲಾಗದ್ದನ್ನು ಕೊಳ್ಳಿರಿ ಎಂದು ಹೇಳಲು ನನಗೇನು ಹುಚ್ಚೇ? ಕೊಳ್ಳುವುದೋ ಬಾಡಿಗೆಯೋ ಎಂದು ನೀವು ಜಗಳವಾಡಿದಿರಿ, ನಿಮ್ಮ ಊರೆಲ್ಲ ಅದನ್ನೇ ಆಡಿತು. ಇದ್ದಲ್ಲಿ ಇರಲು ಬಿಡುತ್ತೀರಾ ಎಂದು ಮಾತ್ರ ಯಾರೂ ಕೇಳಲಿಲ್ಲ. ಬಾಡಿಗೆ ಕೊಡುತ್ತಾ ಇದ್ದವರನ್ನು ಎಬ್ಬಿಸಬಾರದು ಎಂಬ ಒಂದು ಮಾತನ್ನು ಕರಾರಿನಲ್ಲಿ ಬರೆಸಿಕೊಳ್ಳಲು ಆಗ ಇನ್ನೂ ಕಾಲವಿತ್ತಂತೆ. ಮುಂಗಡವಿಲ್ಲ, ಜಾತಿ ಕೇಳುವುದಿಲ್ಲ ಎಂದು ಯಾರಾದರೂ ನಗುನಗುತ್ತಾ ಬಂದರೆ, ಪೇಡೆ ಹಂಚುವ ಮೊದಲು ಅಷ್ಟನ್ನು ಕೇಳಿರಿ. ಒಬ್ಬರು ಕೇಳಿದರೆ ಆಗುವುದಿಲ್ಲ, ಓಣಿಯವರೆಲ್ಲ ಸೇರಿ ಕೇಳಿರಿ. ಅವರು ಕೊಡಲಿಕ್ಕಿಲ್ಲ, ಆದರೂ ಕೇಳಿರಿ.

ಇನ್ನೊಂದು ಮಾತು ನಿನಗೊಬ್ಬಳಿಗೇ, ಅಜ್ಜಿ. ನಿನಗೊಬ್ಬ ಮಗಳು ಹುಟ್ಟುತ್ತಾಳೆ. ದೊಡ್ಡವಳಾಗುತ್ತಾಳೆ, ಒಂದು ದಿನ ತುಂಬಿದ ಹೊಟ್ಟೆ ಹೊತ್ತು ನಿನ್ನ ಬಳಿ ಬರುತ್ತಾಳೆ. ಆ ಹೊತ್ತಿಗೆ ನೀವು ಯಾರ ಮನೆಯಲ್ಲಾದರೂ ಇರಿ, ಗೋಡೆ ಯಾರದಾದರೂ ಆಗಿರಲಿ. ಅವಳು ಬಾಗಿಲು ಬಡಿದಾಗ ಒಳಗಿನಿಂದ ತೆರೆಯುವವಳು ನೀನೇ ಆಗಿರು. ನನ್ನ ಕೈಯಿಂದ ಅದಾಗಲಿಲ್ಲ.

ಸಾವಂತ್ರೆವ್ವ